ಕತ್ತಿನವರೆಗೆ

ಇಷ್ಟೆಲ್ಲ ರಾದ್ಧಾಂತವಾದದ್ದು ಒಂದು ಬಾಟಲಿ ಮುಕ್ಕಾಲು ಮಾತ್ರ ತುಂಬಿದ್ದರಿಂದ.

ಬಾಟಲಿ ಹನಿಯಪ್ಪನದು. ಅವನ ನಿಜವಾದ ಹೆಸರು ಪ್ರಯೋಗಾಲಯದಲ್ಲಿ ಯಾರಿಗೂ ನೆನಪಿರಲಿಲ್ಲ. ಏನು ಮಾಡಿದರೂ ಹನಿ ಎಣಿಸಿಯೇ ಮಾಡುವವನು, ಚಹಾಕ್ಕೆ ಹಾಲು ಹಾಕುವಾಗಲೂ ತುಟಿ ಅಲ್ಲಾಡಿಸುವವನು. ಹೆಸರು ಅಂಟದೆ ಇನ್ನೇನಾದೀತು? ಮೂರು ತಿಂಗಳು ಒದ್ದಾಡಿ ಅವನು ಚಿನ್ನದ ನ್ಯಾನೊ ಕಣಗಳನ್ನು ತಯಾರಿಸಿದ್ದ. ಕಣ್ಣಿಗೆ ಕಾಣದಷ್ಟು ಸಣ್ಣವು. ರಕ್ತಕ್ಕೆ ಬಿಟ್ಟರೆ ಕ್ಯಾನ್ಸರ್ ಗೆಡ್ಡೆಯಲ್ಲಿ ಹೋಗಿ ಕೂರಬೇಕು, ಬೆಳಕು ಹಾಯಿಸಿದರೆ ಗೆಡ್ಡೆ ಎಲ್ಲಿದೆಯೆಂದು ತೋರಿಸಬೇಕು, ಇನ್ನಷ್ಟು ಹಾಯಿಸಿದರೆ ತಾವೇ ಬಿಸಿಯಾಗಿ ಅದನ್ನು ಸುಡಬೇಕು. ನೀರಿನಲ್ಲಿ ಬಿಡಿಬಿಡಿಯಾಗಿ ತೇಲುವಾಗ ಈ ಚಿನ್ನ ಹಳದಿಯಲ್ಲ, ಮಾಣಿಕ್ಯದ ಕೆಂಪು.

ಅಂದು ಹನ್ನೊಂದು ಗಂಟೆಗೆ ಆಸ್ಪತ್ರೆಯ ಡಾಕ್ಟರಮ್ಮ ಅದನ್ನು ಪರೀಕ್ಷಿಸಲು ಬರುವವರಿದ್ದರು. ಖಾಲಿಯಿದ್ದದ್ದು ಒಂದೇ ಖಾಯಂ ಹುದ್ದೆ. "ದ್ರಾವಣ ಬಿಸಿಯಾದ್ರೆ, ಮಾಡಿದೋರಿಗೆ ಆ ಹುದ್ದೆ," ಎಂದು ಡೈರೆಕ್ಟರ್ ಎಲ್ಲರೆದುರು ಮಾತು ಕೊಟ್ಟಿದ್ದರು. ಹನಿಯಪ್ಪ ಆರು ವರ್ಷದಿಂದ ತಾತ್ಕಾಲಿಕ. ಅವನ ಹೆಂಡತಿಯೋ, ಆಗಲೇ ತವರಿಗೆ ಫೋನು ಮಾಡಿ "ನಮ್ಮೋರು ಖಾಯಂ ಆದ್ರು" ಎಂದುಬಿಟ್ಟಿದ್ದಳು.

ಹತ್ತೂವರೆಗೆ ಅವನು ತಲೆ ಬಾಚಿಕೊಳ್ಳಲು ಹೋದ. ಬಂದು ನೋಡಿದರೆ ಬಾಟಲಿ ಕತ್ತಿನವರೆಗೆ ತುಂಬಿದೆ, ಒಳಗಿನದು ನೀಲಿಯಾಗಿದೆ. ಪಕ್ಕದಲ್ಲಿ ಕಸ ಗುಡಿಸುವ ದೊಡ್ಡಮ್ಮ ಮೇಜು ಒರೆಸುತ್ತಿದ್ದಳು.

"ದೊಡ್ಡಮ್ಮ, ಈ ಬಾಟ್ಲಿ ಮುಟ್ಟಿದ್ರಾ?"

"ಮುಕ್ಕಾಲೇ ಇತ್ತಲ್ಲ ಮಗಾ. ಬರೋರ ಮುಂದೆ ಅರೆಬರೆ ಇಡೋಕಾಗುತ್ತಾ? ಕೊಳಾಯಿ ನೀರು ಹಾಕಿ ತುಂಬಿಸ್ದೆ."

ಆ ಕಟ್ಟಡದ ಕೊಳಾಯಿ ನೀರು ಎಂದರೆ ಕೆಟಲಿಗೆ ವಾರದಲ್ಲೇ ಸುಣ್ಣ ಬಳಿಯುವಂಥ ಗಡಸು ನೀರು. ಅದು ಬಿದ್ದರೆ ಚಿನ್ನದ ಕಣಗಳು ಒಂದಕ್ಕೊಂದು ಅಂಟಿಕೊಂಡು ಗುಂಪುಕಟ್ಟುತ್ತವೆ, ಕೆಂಪು ಹೋಗಿ ನೀಲಿ ಬರುತ್ತದೆ. ಹನಿಯಪ್ಪ ಸ್ಟೂಲಿನ ಮೇಲೆ ಕುಸಿದ. ಬೈಯುವುದಾದರೂ ಹೇಗೆ? ದಿನಾ "ಊಟ ಆಯ್ತಾ ಮಗಾ" ಎಂದು ಕೇಳುವ ಒಂದೇ ಜೀವ ಅದು.

ಅಷ್ಟರಲ್ಲಿ ಗುಮಾಸ್ತ ಬಂದ. ಕೇಳಿದವರಿಗೂ ಕೇಳದವರಿಗೂ ಸಲಹೆ ಹಂಚುವ ಇವನಿಗೆ ಸಲಹೆರಾಯನೆಂದೇ ಹೆಸರು. ವಿಷಯ ಕೇಳಿ ತನ್ನ ಊಟದ ಚೀಲಕ್ಕೆ ಕೈಹಾಕಿದ.

"ಇದೇನ್ ಮಹಾ! ಕೆಂಪು ತಾನೇ ಬೇಕು? ನನ್ ಬೀಟ್‌ರೂಟ್ ರಸ ಇದೆ, ಸೋಸಿ ಹಾಕು. ಇವತ್ತಿನ ಮಾನ ಉಳೀಲಿ, ನಾಳೆ ಹೊಸದು ಮಾಡ್ಕೊಂಡ್ರಾಯ್ತು."

"ಬಿಸಿಯಾಗ್ದೆ ಇದ್ರೆ?"

"ದೀಪ ಸರಿ ಇಲ್ಲ ಅನ್ನು."

ಹೊರಗೆ ಕಾರು ನಿಂತ ಸದ್ದಾಯಿತು. ಹನಿಯಪ್ಪನ ಬುದ್ಧಿ ಮಂಕಾಯಿತು. ಹುಟ್ಟಿದಂದಿನಿಂದ ಹನಿ ಎಣಿಸಿದವನು ಬೇರೊಂದು ಬಾಟಲಿಗೆ ಬೀಟ್‌ರೂಟ್ ರಸವನ್ನು ಗಳಗಳ ಸುರಿದ. "ದೊಡ್ಡಮ್ಮ, ಆ ನೀಲೀನ ಸಿಂಕಿಗೆ ಚೆಲ್ಬಿಡಿ," ಎಂದ.

ಡೈರೆಕ್ಟರ್ ಜೊತೆ ಒಳಗೆ ಬಂದ ಡಾಕ್ಟರಮ್ಮ ಪೆಟ್ಟಿಗೆಯಿಂದ ದೀಪ ತೆಗೆದರು. ಬಾಟಲಿಯ ಮುಚ್ಚಳ ಬಿಚ್ಚಿ ಮೂಸಿದರು, ಹುಬ್ಬು ಗಂಟಿಕ್ಕಿದರು. ದೀಪ ಹಚ್ಚಿ ಐದು ನಿಮಿಷವಾದರೂ ಉಷ್ಣಮಾಪಕದ ಮುಳ್ಳು ಮಲಗಿದ್ದಲ್ಲಿಂದ ಏಳಲಿಲ್ಲ.

"ದೀಪ ಏನೋ..." ಎಂದ ಹನಿಯಪ್ಪ.

"ದೀಪ ಹೊಸದು, ನಿನ್ನೆ ಬಂದಿದ್ದು," ಎಂದರು ಡಾಕ್ಟರಮ್ಮ. "ತಪ್ಪು ನಿಮ್ಮದಲ್ಲ ಬಿಡಿ. ಹಳೇ ಹಸಿರು ದೀಪಕ್ಕೆ ಕೆಂಪು ದ್ರಾವಣ ಸರಿಹೋಗ್ತಿತ್ತು, ಆದ್ರೆ ಆ ಬೆಳಕು ಮೈಯೊಳಗೆ ಆಳಕ್ಕೆ ಹೋಗಲ್ಲ. ಇದು ಕಣ್ಣಿಗೆ ಕಾಣದ ಬೆಳಕು, ಒಳಗೆ ಇಳಿಯುತ್ತೆ. ಇದನ್ನ ಹಿಡಿಯೋಕೆ ಕಣಗಳು ಗುಂಪುಕಟ್ಟಿರ್ಬೇಕು, ದ್ರಾವಣ ನೀಲಿಯಾಗಿರ್ಬೇಕು. ಎಲ್ಲಿ ಹೋದ್ರೂ ಕೆಂಪೇ ತೋರಿಸ್ತಾರೆ."

ಹನಿಯಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮೂರು ತಿಂಗಳ ಶ್ರಮ, ಬೇಕಾದ ಬಣ್ಣಕ್ಕೇ ತಿರುಗಿ, ಸಿಂಕಿನ ಪಾಲಾಗಿತ್ತು.

"ನೀಲಿ ಅಂದ್ರೆ ಇದಾ ನೋಡಿ ಡಾಕ್ಟರಮ್ಮ." ಬಾಗಿಲಲ್ಲಿ ದೊಡ್ಡಮ್ಮ ಬಿಸ್ಕತ್ತಿನ ಗಾಜಿನ ಜಾಡಿ ಹಿಡಿದು ನಿಂತಿದ್ದಳು. "ಚೆಲ್ಲು ಅಂದ್ರು. ಚಿನ್ನ ಅಂತಾರೆ, ಚಿನ್ನಾನ ಯಾರಾದ್ರೂ ಸಿಂಕಿಗೆ ಚೆಲ್ತಾರಾ?"

ಜಾಡಿಯನ್ನು ಕುಲುಕಿ ದೀಪದ ಕೆಳಗಿಟ್ಟರು. ಮುಳ್ಳು ಎದ್ದಿತು, ಏರಿತು, ಇದ್ದಲ್ಲಿಂದ ಇಪ್ಪತ್ತು ಡಿಗ್ರಿ ಮೇಲೆ ಹೋಯಿತು. ಗೆಡ್ಡೆಯ ಬದಲಿಗೆಂದು ತಂದಿದ್ದ ಮೇಣದ ಉಂಡೆಯೊಳಗೆ ನಾಲ್ಕು ಹನಿ ಬಿಟ್ಟು ನೋಡಿದರೆ ಡಾಕ್ಟರಮ್ಮನ ಕ್ಯಾಮೆರಾದ ಪರದೆಯಲ್ಲಿ ಚುಕ್ಕಿ ಬೆಳಗಿತು. ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಎರಡು ವರ್ಷದಿಂದ ಹುಡುಕ್ತಿದ್ದೆ. ಯಾರು ಮಾಡಿದ್ದು?"

ಹನಿಯಪ್ಪ ಬಾಯಿ ತೆರೆದ. ನಾನೇ ಎಂದರೆ, ಹಾಗಾದರೆ ಬಾಟಲಿಯಲ್ಲಿರುವುದೇನು ಎಂಬ ಪ್ರಶ್ನೆ ಬರುತ್ತದೆ. ಸಲಹೆರಾಯನ ಕಡೆ ನೋಡಿದ. ಅವನು ಜೀವನದಲ್ಲಿ ಮೊದಲ ಸಲ ಸುಮ್ಮನೆ ಸೂರು ನೋಡುತ್ತಿದ್ದ. ಹನಿಯಪ್ಪ ಬಾಯಿ ಮುಚ್ಚಿದ.

"ತುಂಬಿಸಿದ್ದು ನಾನೇ," ಎಂದಳು ದೊಡ್ಡಮ್ಮ.

ಡೈರೆಕ್ಟರ್ ಕೊಟ್ಟ ಮಾತಿಗೆ ತಪ್ಪುವವರಲ್ಲ. ಹನ್ನೊಂದು ವರ್ಷ ತಾತ್ಕಾಲಿಕವಾಗಿ ಗುಡಿಸಿದ ದೊಡ್ಡಮ್ಮ ಅಲ್ಲೇ ಖಾಯಂ ಆದಳು. ಅವಳು ಹಾಕಿದ ಷರತ್ತು ಒಂದೇ: "ಈ ಮಗೂನ ತೆಗೀಬೇಡಿ. ಕೆಂಪು ಮಾಡೋನು ಇವನೇ. ನಾನು ತುಂಬಿಸೋಳಷ್ಟೇ." ಹೀಗೆ ಹನಿಯಪ್ಪ ದೊಡ್ಡಮ್ಮನ ತಾತ್ಕಾಲಿಕ ಸಹಾಯಕನಾದ. ಅವಳು ಮೊದಲ ಬಾರಿ ಆ ಸ್ಟೂಲಿನ ಮೇಲೆ ಕೂತು ಕಾಲು ನೀವಿಕೊಂಡದ್ದನ್ನು ಕಂಡು ಅವನಿಗೆ ನಗುವೇ ಬಂತು, ಹೊಟ್ಟೆಯೂ ತಣ್ಣಗಾಯಿತು.

ಹೆಂಡತಿಯ ಫೋನು ಬಂತು. "ಖಾಯಂ ಆಯ್ತಾ?"

"ಆಯ್ತು. ನಮ್ಮ ದೊಡ್ಡಮ್ಮಂದು," ಎಂದು ಇಟ್ಟುಬಿಟ್ಟ.

ಡಾಕ್ಟರಮ್ಮನಿಗೆ ಇಂಥದ್ದೇ ಇನ್ನೂ ಐವತ್ತು ಬಾಟಲಿ ಬೇಕಿತ್ತು. ತಯಾರಿಸುವ ವಿಧಾನವನ್ನು ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. ಹನಿಯಪ್ಪ ಪೆನ್ನು ತೆರೆದ.

"ದೊಡ್ಡಮ್ಮ, ಕೊಳಾಯಿ ನೀರು ಎಷ್ಟು ಹಾಕಿದ್ರಿ? ಸರಿಯಾಗಿ ಹೇಳಿ, ಹನಿ ಲೆಕ್ಕದಲ್ಲಿ ಬರೀಬೇಕು."

"ಕತ್ತಿನವರೆಗೆ, ಮಗಾ."

ಎಣಿಸಲು ಹೊರಟ ಹನಿಯಪ್ಪನ ತುಟಿ ಅರ್ಧಕ್ಕೇ ನಿಂತಿತು. ಆಮೇಲೆ ದುಂಡಗಿನ ಅಕ್ಷರದಲ್ಲಿ ಬರೆದ: ಕೊಳಾಯಿ ನೀರು, ಕತ್ತಿನವರೆಗೆ.