ಲೆಸ್ಟರ್ ಬೋಡೀನ್ ಅವರ ಎಡಗೈ ಸಹಿಯ ವಿಚಾರ

ಗ್ರ್ಯಾಂಡ್ ಸೀಲ್ ಕಾರ್ಡ್ ಪರಿಶೀಲನಾ ಸಂಸ್ಥೆಯ ನಿರ್ದೇಶಕರ ಸನ್ನಿಧಾನಕ್ಕೆ

ಮಾನ್ಯರೇ,

ಒಹಾಯೋ ನದಿ ದಂಡೆಯ ಕಾರ್ವರ್ಸ್ ಬೆಂಡ್ ಊರಿನಲ್ಲಿ ಗಂಡಸರ ಕೂದಲು ಕತ್ತರಿಸಿ ಬದುಕುವ ಮಾರ್ಲೀನ್ ಕ್ವಿಗ್ಲಿ ಎಂಬ ನಾನು, ತಮ್ಮ ಭೂತಗನ್ನಡಿಗೂ ಅದರ ಹಿಂದಿರುವ ದಿವ್ಯದೃಷ್ಟಿಗೂ ತಲೆಬಾಗಿ ವಂದಿಸುತ್ತೇನೆ. ತಾವು ಕ್ಷೇಮವೆಂದು ನಂಬಿದ್ದೇನೆ. ಯಾರನ್ನೂ ಮುಖತಃ ನೋಡದೆ ಬದುಕುವವರಿಗೆ ನೆಗಡಿ ತಗುಲುವುದೂ ಕಷ್ಟವಲ್ಲವೇ?

ನಾನು ಚಿಕ್ಕಂದಿನಿಂದ ಒಬ್ಬನೇ ಆಟಗಾರನ ಮುಖ ಅಚ್ಚಾದ ಬೇಸ್‌ಬಾಲ್ ಕಾರ್ಡುಗಳನ್ನು ಕೂಡಿಡುತ್ತ ಬಂದವಳು. ಉಳಿದ ಮಕ್ಕಳು ಹೊಡೆತದ ವೀರರಿಗಾಗಿ ಕಿತ್ತಾಡುತ್ತಿದ್ದರೆ ನಾನು ಆ ವೀರರನ್ನೆಲ್ಲ ಕೊಟ್ಟು ಚೆಂಡೆಸೆಗಾರ ಲೆಸ್ಟರ್ ಬೋಡೀನ್‌ನನ್ನು ತಂದುಕೊಳ್ಳುತ್ತಿದ್ದೆ. ನನ್ನಣ್ಣ ಡೆನ್ನಿಸ್ ಹೊಟ್ಟೆ ಹಿಡಿದು ನಗುತ್ತಿದ್ದ: "ಲೇ ಮಂಕೆ, ಹೋಗೀ ಹೋಗೀ ಇವನ್ನ ಹಿಡ್ಕೊಂಡ್ಯಲ್ಲೇ! ಇವ್ನು ಎಸೆದ ಚೆಂಡನ್ನ ಬೇಲಿ ಆಚೆ ಹೋಗಿ ಹುಡುಕ್ಬೇಕು!" ಹುಡುಕಬೇಕಾಗುತ್ತಿತ್ತು, ನಿಜ; ಎದುರಾಳಿಗಳು ಹಾಗೆ ಬಾರಿಸುತ್ತಿದ್ದರು. ಆದರೂ ಲೆಸ್ಟರ್ ಮರುದಿನ ಮತ್ತೆ ಚೆಂಡೆಸೆಯುವ ದಿಬ್ಬದ ಮೇಲೆ ಬಂದು ನಿಲ್ಲುತ್ತಿದ್ದರು. ನನಗೆ ಇಷ್ಟವಾದದ್ದು ಅದೇ.

ಆಟ ಬಿಟ್ಟ ಮೇಲೆ ಅವರು ಹೆಂಡತಿ ಯೂನಿಸ್‌ಳ ಊರಾದ ನಮ್ಮೂರಿಗೇ ಬಂದು ದೋಣಿಯ ಮೋಟಾರು ರಿಪೇರಿ ಮಾಡುತ್ತ, ನನ್ನ ಅಂಗಡಿಯ ಕುರ್ಚಿಯಲ್ಲಿ ತಲೆ ಕೊಟ್ಟು ಕೂರುವವರಾದರು. ಹೋದ ವರ್ಷ ಪಾರ್ಶ್ವವಾಯು ಬಡಿದು, ಚೆಂಡೆಸೆದ ಆ ಬಲಗೈ ಮಡಿಲಲ್ಲಿ ಇಟ್ಟ ಕಡೆಯೇ ಇರತೊಡಗಿತು. ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮುಂದೆ ಕೂತು, ನಾಲಿಗೆ ಹೊರಚಾಚಿ, ಎಡಗೈಯಲ್ಲಿ ತಮ್ಮ ಹೆಸರು ಬರೆಯಲು ಕಲಿತರು. ಕಲಿತ ಮೇಲೆ ಮೊದಲ ಸಹಿ ಹಾಕಿದ್ದು ನನ್ನ ಬಳಿಯಿದ್ದ ಅವರ ಮೊಟ್ಟಮೊದಲ ಕಾರ್ಡಿನ ಮೇಲೆ. ಯೂನಿಸ್ ಕಾರ್ಡು ಜಾರದಂತೆ ಹಿಡಿದಿದ್ದಳು, ನಾನು ಉಸಿರು ಹಿಡಿದಿದ್ದೆ.

ದೊಡ್ಡ ಆಟಗಾರರ ಕಾರ್ಡಿನಂತೆ ಅದೂ ಗಾಜಿನಂಥ ಪೆಟ್ಟಿಗೆಯಲ್ಲಿ ‘ಅಸಲಿ’ ಎಂಬ ತಮ್ಮ ಮುದ್ರೆ ಹೊತ್ತು ಬರಲಿ, ಹುಟ್ಟುಹಬ್ಬದ ದಿನ ಅವರ ಕೈಗಿಡೋಣ ಎಂಬ ದುರಾಸೆಯಿಂದ ತಮಗೆ ಕಳುಹಿಸಿದೆ. ಕೇಕಿನ ಮುಂದೆ, ನೆರೆಯವರೆಲ್ಲರ ಎದುರು, ಪಾರ್ಸಲ್ ಬಿಚ್ಚಿ ತಮ್ಮ ತೀರ್ಪನ್ನು ಗಟ್ಟಿಯಾಗಿ ಓದಿದ ಮೂರ್ಖಳೂ ನಾನೇ: "ಸಹಿ ಅಸಲಿಯಲ್ಲ. ಪಳಗದ ಕೈಯ ನಕಲು."

ಪಳಗದ ಕೈ! ಎಂಥ ನಿಖರ ವಿದ್ಯೆ ತಮ್ಮದು, ಮಾನ್ಯರೇ! ಆ ಕೈ ನಿಜಕ್ಕೂ ಪಳಗಿರಲಿಲ್ಲ. ಲೆಸ್ಟರ್ ನಗಲಿಲ್ಲ. ಕಾರ್ಡನ್ನು ಮಗುಚಿಟ್ಟು, "ಅವ್ರು ಹೇಳೋದೂ ಸರಿನೇ ಮಾರ್ಲೀನ್, ಇದು ನಾನಲ್ಲ," ಎಂದರು. ಅಂದಿನಿಂದ ಪೆನ್ನು ಮುಟ್ಟಲಿಲ್ಲ, ಕೂದಲು ಕತ್ತರಿಸಿಕೊಳ್ಳಲೂ ಬರಲಿಲ್ಲ. ವೈದ್ಯರು ಹೇಳಿದ ಕೈ ಕಸರತ್ತನ್ನೂ ಬಿಟ್ಟರು.

ಕೊನೆಗೆ ರೇಗಿದ್ದು ಯೂನಿಸ್. "ಅಂಪೈರ್ ತಪ್ಪು ತೀರ್ಪು ಕೊಟ್ರೆ ಮೈದಾನ ಬಿಟ್ಟು ಮನೆಗೆ ಬರ್ತಿದ್ರೇನ್ರೀ ನೀವು?"

"ಬರ್ತಿರ್ಲಿಲ್ಲ," ಎಂದರಂತೆ ಲೆಸ್ಟರ್. "ಅವನ ಬೂಟಿನ ಮೇಲೆ ಮಣ್ಣು ಒದೀತಿದ್ದೆ."

ಮರು ಶನಿವಾರ ಅವರು ಕೋಲೂರಿಕೊಂಡು ನನ್ನ ಅಂಗಡಿಗೆ ಬಂದು, "ನಿನ್ನ ಹತ್ರ ಇರೋ ನನ್ನ ಮುಖಗಳನ್ನೆಲ್ಲ ತೆಗಿಯೇ," ಎಂದರು. ಒಂದೊಂದಕ್ಕೂ ಬೆವರು ಸುರಿಸಿ ಸಹಿ ಹಾಕಿದರು. ಸುದ್ದಿ ಹಬ್ಬಿ ಜನ ತಂತಮ್ಮ ಕಾರ್ಡು, ಟೋಪಿ, ಕೈಗವಸು ಹಿಡಿದು ಬೀದಿಯವರೆಗೂ ಸಾಲು ನಿಂತರು. ನನ್ನಣ್ಣನೂ ನಿಂತಿದ್ದ, ಮುಖ ಮರೆಸಿಕೊಂಡು.

ಆದ್ದರಿಂದ ಮಾನ್ಯರೇ, ನಮ್ಮೂರೀಗ ನಕಲಿ ಸಹಿಗಳಿಂದ ತುಂಬಿಹೋಗಿದೆ. ದಯವಿಟ್ಟು ತಜ್ಞರೊಬ್ಬರನ್ನು ಕಳುಹಿಸಿ ಲೆಸ್ಟರ್ ಅವರನ್ನೇ ಒಂದು ಕಾರ್ಡಿನಂತೆ ಪರೀಕ್ಷಿಸಿರಿ: ಮೂಲೆಗಳು ಸವೆದಿವೆ, ನಡುವೆ ಮಡಿಕೆ ಬಿದ್ದಿದೆ, ಬಲಬದಿಯ ಬಣ್ಣ ಹೋಗಿದೆ. ಅಸಲಿ ಎನಿಸಿದರೆ ತಕ್ಕ ಅಂಕ ಕೊಟ್ಟು, ಅವರನ್ನೂ ಗಾಜಿನಂಥ ಪೆಟ್ಟಿಗೆಯಲ್ಲಿಟ್ಟು ಮುದ್ರೆ ಹಾಕಿರಿ. ಉಸಿರಾಡಲು ಒಂದು ತೂತು ಬಿಟ್ಟರೆ ಯೂನಿಸ್ ಕೃತಜ್ಞಳಾಗಿರುತ್ತಾಳೆ.

ತಮ್ಮ ತೀರ್ಪಿನಿಂದ ಧನ್ಯಳಾದ,
ತಮ್ಮ ವಿಶ್ವಾಸಿ,
ಮಾರ್ಲೀನ್ ಕ್ವಿಗ್ಲಿ

ಮರೆತಿದ್ದು: ಮೊನ್ನೆ ತಮ್ಮ ಕಚೇರಿಯಿಂದಲೇ ಯಾರೋ ಹೆಸರು ಹೇಳದೆ ಫೋನ್ ಮಾಡಿ, ಅವರಪ್ಪನಿಗೆ ಬೋಡೀನ್ ಎಂದರೆ ಪ್ರಾಣವೆಂದೂ ಎಡಗೈ ಸಹಿಯ ಕಾರ್ಡೊಂದು ಸಿಗಬಹುದೇ ಎಂದೂ ಪಿಸುಗುಟ್ಟಿದರು. ಖಂಡಿತ ಸಿಗುತ್ತದೆ. ಅಂಚೆಯಲ್ಲಿ ಕಳುಹಿಸುವುದಿಲ್ಲ; ಅಪ್ಪನನ್ನು ಕರೆತಂದು ಸಾಲಿನಲ್ಲಿ ನಿಲ್ಲಲು ಹೇಳಿ.