ಕಿವಿಗೊಂದು ಅಪಾಯಿಂಟ್‌ಮೆಂಟು

ಗಂಡನಿಗೆ ಕಿವಿ ಕೇಳಿಸುತ್ತದೆಯೋ ಇಲ್ಲವೋ ಎಂಬುದು ವಿಜ್ಞಾನದ ಟೀಚರಮ್ಮನನ್ನು ಹದಿನಾಲ್ಕು ವರ್ಷಗಳಿಂದ ಕಾಡುತ್ತಿದ್ದ ಪ್ರಶ್ನೆ. ಅಂದರೆ, ಮದುವೆಯಾದ ಮೂರನೆಯ ದಿನದಿಂದ. (ಮೊದಲ ಎರಡು ದಿನ ಆಕೆಯೂ ಮಾತಾಡಿರಲಿಲ್ಲ.)

ಗಂಡ ಬೀಗ ರಿಪೇರಿಯವನು. ಬೀಗದ ಹೊಟ್ಟೆಯೊಳಗೆ ಸಾಸಿವೆ ಕಾಳಿನಷ್ಟು ಮೊಳೆ ಅಲುಗಿದರೂ ಕೈ ನಿಲ್ಲಿಸಿ ಆಲಿಸುವ ಮಹಾಶಯ. ಊರವರ ಬಾಗಿಲನ್ನೆಲ್ಲ ತೆಗೆದುಕೊಡುವ ಆತ ಮನೆಗೆ ಬಂದರೆ ಮಾತ್ರ ಬಾಯಿಗೆ ಬೀಗ. "ರೀ, ಹಾಲು ತಂದ್ರಾ? ಎಲ್ಲಿ ತಂದಿರ್ತೀರಿ! ಕಿವಿ ಅಂಗಡೀಲೇ ಬಿಟ್ಟು ಬಂದ್ರಾ?" ಎಂದು ಆಕೆ ಶುರು ಮಾಡಿದರೆ, ಹಾಲಿನ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ಸುಮ್ಮನೆ ನಿಂತಿರುತ್ತಿದ್ದ.

ಟೀಚರಮ್ಮ ಪ್ರಯೋಗಗಳನ್ನೂ ಮಾಡಿದಳು. ಹಿಂದಿನಿಂದ ಚಮಚ ಬೀಳಿಸಿದಳು, ತಿರುಗಿ ನೋಡಿದ. ತಟ್ಟೆ ಬೀಳಿಸಿದಳು, ಎತ್ತಿಕೊಟ್ಟ. "ನಮ್ಮಮ್ಮ ಒಂದು ತಿಂಗಳು ಇರೋಕೆ ಬರ್ತಿದ್ದಾರೆ" ಎಂದು ಪಿಸುಗುಟ್ಟಿದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಲೋಹದ ಸದ್ದು ಕೇಳಿಸುತ್ತದೆ, ಹೆಂಡತಿಯ ಸದ್ದು ಕೇಳಿಸುವುದಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಳು.

ಆದರೆ ಒಂದು ಸಂಜೆ ಲಾರಿಯೊಂದು ಹಾರನ್ ಬಾರಿಸುತ್ತಾ ಬೆನ್ನಿಗೇ ಬಂದರೂ ಆತ ತನ್ನ ಪಾಡಿಗೆ ನಡೆಯುತ್ತಿದ್ದುದನ್ನು ಆಕೆ ಕಣ್ಣಾರೆ ಕಂಡಳು. ಮರುದಿನವೇ ಆಸ್ಪತ್ರೆಗೆ ಫೋನ್ ಮಾಡಿದಳು. ಒಂದನ್ನು ಒತ್ತಿ, ನಾಲ್ಕನ್ನು ಒತ್ತಿ, ಮತ್ತೆ ಒಂದನ್ನು ಒತ್ತಿ, ಅರ್ಧ ಗಂಟೆ ಕೊಳಲುವಾದನ ಕೇಳಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಕಿವಿ ಡಾಕ್ಟರನ್ನ ನೋಡ್ಬೇಕಿತ್ತಮ್ಮ."

"ಕಿವಿ ಟೆಸ್ಟ್ ರಿಪೋರ್ಟ್ ಇಲ್ದೆ ಡಾಕ್ಟರು ನೋಡಲ್ಲ ಮೇಡಂ."

"ಸರಿ, ಟೆಸ್ಟಿಗೆ ಬರ್ಕೊಳ್ಳಿ."

"ಡಾಕ್ಟರ ಚೀಟಿ ಇಲ್ದೆ ಟೆಸ್ಟ್ ಮಾಡಲ್ಲ ಮೇಡಂ."

ಜಗತ್ತಿನಲ್ಲಿ ಮೊತ್ತಮೊದಲ ಕಿವಿರೋಗಿ ಒಳಗೆ ಹೋದದ್ದು ಹೇಗೆ ಎಂಬ ಕುತೂಹಲ ಟೀಚರಮ್ಮನಿಗೆ ಹುಟ್ಟಿತು. ಕೇಳಿಯೂಬಿಟ್ಟಳು. ಆ ಕಡೆ ಮತ್ತೆ ಕೊಳಲು ಶುರುವಾಯಿತು.

ಕೊನೆಗೆ ನೆಗಡಿ-ಜ್ವರ ನೋಡುವ ಪಕ್ಕದ ಬೀದಿಯ ಡಾಕ್ಟರು ಕರುಣೆಯಿಂದ ಚೀಟಿ ಬರೆದುಕೊಟ್ಟರು. ಮತ್ತೆ ಫೋನ್. ಈ ಸಲ ಹೊಸ ನಿಯಮ.

"ಪೇಷಂಟೇ ಮಾತಾಡ್ಬೇಕು ಮೇಡಂ."

"ಅವ್ರಿಗೆ ಕಿವಿ ಕೇಳ್ಸಲ್ಲ ಕಣಮ್ಮ! ಕೇಳ್ಸಿದ್ರೆ ನಿಮಗ್ಯಾಕೆ ಫೋನ್ ಮಾಡ್ತಿದ್ದೆ?"

"ರೂಲ್ಸ್ ಮೇಡಂ."

ಟೀಚರಮ್ಮ ಫೋನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿ, ಗಂಟಲನ್ನು ಪಾತಾಳಕ್ಕಿಳಿಸಿ, "ಹಲೋ, ನಾನೇ ಪೇಷಂಟು" ಎಂದಳು.

"ಸರ್, ನಿಮ್ಮ ವಯಸ್ಸು?"

"ನಲವತ್ತಾರು."

ಹುಡುಗಿಗೆ ಅನುಮಾನ ಬಂತು. "ಚೆನ್ನಾಗೇ ಕೇಳಿಸ್ತಿದೆಯಲ್ಲ ಸರ್ ನಿಮಗೆ?"

"ಏನಂದ್ರಿ?" ಎಂದು ಟೀಚರಮ್ಮ ಕಿರುಚಿದಳು. ಅಪಾಯಿಂಟ್‌ಮೆಂಟ್ ಸಿಕ್ಕಿತು.

ಸಿಕ್ಕಿದ್ದು ಗುರುವಾರಕ್ಕೆ. ಮೊದಲ ಗುರುವಾರ ಮೆಷಿನ್ನು ಕೆಟ್ಟಿತ್ತು. ಎರಡನೆಯ ಗುರುವಾರ ಮೆಷಿನ್ನು ಸರಿಯಿತ್ತು, ನಡೆಸುವವಳು ರಜೆ. ಮೂರನೆಯ ಗುರುವಾರ ಎರಡೂ ಕೂಡಿಬಂದವು. ಕಾಯುವ ಕೋಣೆಯ ಬಾಗಿಲಲ್ಲಿ ನರ್ಸ್ ನಿಂತು, ಗುಟ್ಟು ಹೇಳುವಷ್ಟು ಮೆಲ್ಲಗೆ ಹೆಸರು ಕರೆಯುತ್ತಿದ್ದಳು. ತಲೆಯೆತ್ತಿದವರೆಲ್ಲ ಜೊತೆಗೆ ಬಂದವರು. ಪೇಷಂಟುಗಳು ಗೋಡೆ ನೋಡುತ್ತಾ ಕುಳಿತಿದ್ದರು. ಟೀಚರಮ್ಮ ಎದ್ದು ನಿಂತು, ತರಗತಿಯ ಗಂಟಲಿನಲ್ಲಿ ಆರು ಜನರ ಹಾಜರಿ ಕೂಗಿ ಒಳಗೆ ಕಳಿಸಿದ ಮೇಲೆಯೇ ಸಾಲು ಕರಗಿದ್ದು.

ಗಂಡನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಡಬ್ಬಿಗಳನ್ನು ಕಟ್ಟಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕು. ಟೀಚರಮ್ಮ ಗಾಜಿಗೆ ಮೂಗು ಒತ್ತಿ ನಿಂತಳು. "ಒತ್ತಿದ್ರಾ? ಇದು ಯಾವ ಸದ್ದು? ನಂಗ್ಯಾಕೆ ಕೇಳಿಸ್ತಿಲ್ಲ?" ಮೆಷಿನ್ನಿನವಳು, "ಅಮ್ಮಾ, ಸ್ವಲ್ಪ ಸುಮ್ನಿರಿ" ಎಂದು ಮೂರು ಸಲ ಕೈಮುಗಿದಳು. ಹೊರಗೆ ಬಂದ ಗಂಡನ ಮುಖ ನೋಡಿದರೆ ರಜೆ ಕಳೆದು ಬಂದವನಂತಿತ್ತು.

"ಎರಡೂ ಕಿವಿ ಫಸ್ಟ್ ಕ್ಲಾಸ್" ಎಂದಳು ಮೆಷಿನ್ನಿನವಳು. "ಇಪ್ಪತ್ತು ವರ್ಷದವರಿಗೂ ಇಷ್ಟು ಚೆನ್ನಾಗಿರಲ್ಲ."

ಟೀಚರಮ್ಮನಿಗೆ ಸಮಾಧಾನವೂ ಆಯಿತು, ಸಿಟ್ಟೂ ನೆತ್ತಿಗೇರಿತು. ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಹಿಡಿದಳು.

"ಹಾಗಾದ್ರೆ ಅವತ್ತು ಲಾರಿ ಹಾರನ್ನು? ನನ್ನ ಮಾತಿಗೆ ಯಾಕ್ರೀ ಉತ್ತರ ಕೊಡಲ್ಲ? ಗೊತ್ತು ಬಿಡಿ, ನಾನಂದ್ರೆ ನಿಮಗೆ—"

ಗಂಡ ಹೆಬ್ಬೆರಳೆತ್ತಿ ಗಾಳಿಯಲ್ಲಿ ಗುಂಡಿ ಒತ್ತಿದ. ಆಕೆ ಬೆರಗಾಗಿ ನಿಲ್ಲಿಸಿದಳು.

"ಲಾರಿ ಕೇಳಿಸಿತ್ತು ಕಣೇ. ನಾನು ಫುಟ್‌ಪಾತ್ ಮೇಲಿದ್ದೆ. ನೀನು ಕೇಳಿದ್ದೂ ಕೇಳಿಸುತ್ತೆ. ಆ ಮೆಷಿನ್ನು ಕುಂಯ್ ಅಂದು ಸುಮ್ನಾಗುತ್ತೆ, ನಾನು ಒತ್ತೋವರೆಗೂ ಕಾಯುತ್ತೆ. ನೀನು? ಪ್ರಶ್ನೇನೂ ನಿಂದೇ, ಉತ್ತರಾನೂ ನಿಂದೇ, ಮಾರ್ಕ್ಸೂ ನಿಂದೇ. ನಾನೆಲ್ಲಿ ಬರೀಲಿ?"

ಹದಿನಾಲ್ಕು ವರ್ಷದಲ್ಲಿ ಆತ ಒಂದೇ ಉಸಿರಿಗೆ ಆಡಿದ ಅತಿ ದೊಡ್ಡ ಮಾತು ಅದು. ದಾರಿಯುದ್ದಕ್ಕೂ ಟೀಚರಮ್ಮ ಬಾಯಿ ಬಿಡಲಿಲ್ಲ. ನಾಚಿಕೆಯೂ ಆಗಿತ್ತು, ಅದಕ್ಕಿಂತ ಹೆಚ್ಚಾಗಿ, ಕೇಳಿ ಕಾದರೆ ಏನಾಗಬಹುದು ಎಂಬ ಕುತೂಹಲ.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು, "ಈ ವಾರ ಅಂಗಡೀಲಿ ಏನು ವಿಶೇಷ?" ಎಂದು ಕೇಳಿ, ತುಟಿ ಕಚ್ಚಿಕೊಂಡು ಮನಸ್ಸಿನಲ್ಲೇ ಎಣಿಸಿದಳು. ಐದು, ಆರು, ಏಳು...

"ಒಬ್ಬರು ಅಜ್ಜಿ ಪೆಟ್ಟಿಗೆ ತಂದಿದ್ರು" ಎಂದ ಗಂಡ. "ನಲವತ್ತು ವರ್ಷದಿಂದ ತೆಗೆದೇ ಇಲ್ವಂತೆ. ಮೊನ್ನೆ ತೆಗೆದೆ."

"ಒಳಗೇನಿತ್ತು?"

"ಹೇಳ್ತೀನಿ, ತಡಿ. ಮೊದ್ಲು ಆ ಬೀಗದ ವಿಷ್ಯ ಕೇಳು. ಅದರಲ್ಲಿ ಏಳು ಎಲೆ ಇದ್ವು, ಎಲೆ ಅಂದ್ರೆ ಬೀಗದೊಳಗಿನ ತೆಳು ತಗಡು. ಮೊದಲನೇ ಎಲೆ..."

ಎರಡನೆಯ ಎಲೆಗೆ ಕಾಫಿ ಆರಿತು. ನಾಲ್ಕನೆಯ ಎಲೆಗೆ ಆಕೆ ಹೆಗಲ ಚೀಲ ಕೆಳಗಿಟ್ಟು ಕುಳಿತಳು. "ಅಲ್ಲಾರೀ, ಒಳಗೇನಿತ್ತು..." ಎಂದು ಆಕೆ ಬಾಯಿ ತೆರೆದಾಗಲೆಲ್ಲ ಗಂಡ ಹೆಬ್ಬೆರಳು ಎತ್ತುತ್ತಿದ್ದ. ಆರನೆಯ ಎಲೆ ತುಕ್ಕು ಹಿಡಿದಿತ್ತು. ಆ ತುಕ್ಕಿನದೇ ಒಂದು ಚರಿತ್ರೆ.

ಶಾಲೆಯಿದ್ದದ್ದು ಹಿತ್ತಲ ಗೋಡೆಯ ಆಚೆಗೇ. ಆ ಗೋಡೆಯ ಮೇಲೆ ಹೆಡ್‌ಮೇಷ್ಟ್ರ ತಲೆ ಮೂಡಿತು.

"ಏನ್ ಟೀಚರಮ್ಮ, ಗಂಟೆ ಹೊಡೆದು ಕಾಲು ಗಂಟೆ ಆಯ್ತು. ಕ್ಲಾಸಲ್ಲಿ ಮಕ್ಕಳು ಸಂತೆ ಮಾಡ್ತಿದ್ದಾರೆ. ನಿಮಗೆ ಕೇಳಿಸಲಿಲ್ವಾ?"

ಟೀಚರಮ್ಮ ತಡಬಡಾಯಿಸಿ ಎದ್ದು ಬಾಯಿ ತೆರೆಯುವಷ್ಟರಲ್ಲಿ ಗಂಡನೇ ಉತ್ತರ ಹೇಳಿಬಿಟ್ಟ.

"ಇಲ್ಲ ಸಾರ್, ಕೇಳಿಸಿಲ್ಲ ಪಾಪ. ಗುರುವಾರ ಹೋಗಿ ತೋರಿಸ್ಕೊಂಡು ಬರ್ತೀವಿ. ಲೇ, ಫೋನ್ ಮಾಡು, ಪೇಷಂಟೇ ಮಾತಾಡ್ಬೇಕಂತೆ."