ಸಾಹೇಬರ ಗ್ಲಾಸು

ಹೊಳಬಸಪ್ಪನ ಮನೆಯಲ್ಲಿ ಗಾಜಿನ ಗ್ಲಾಸು ಇರಲಿಲ್ಲ. ಹಿತ್ತಾಳೆಯ ತಂಬಿಗೆ, ಕಂಚಿನ ಬಟ್ಟಲುಗಳಲ್ಲೇ ಧಾರವಾಡದಿಂದ ಪುಣೆಗೆ ಬಂದ ಹತ್ತೊಂಬತ್ತು ವರ್ಷದ ಸಂಸಾರ ಸುಖವಾಗಿ ನಡೆದಿತ್ತು. ಆ ಶ್ರಾವಣ ಸೋಮವಾರ ನೀರಾವರಿ ಕಚೇರಿಯ ಮೆಕ್‌ರೇ ಸಾಹೇಬರು, "ಸಂಜೆ ಆರಕ್ಕೆ ನಿನ್ನ ಮನೆಗೆ ಬರ್ತೇನೆ" ಎನ್ನದಿದ್ದರೆ ಮುಂದೆಯೂ ಹಾಗೇ ನಡೆಯುತ್ತಿತ್ತು.

ಹೆಡ್ ಕ್ಲಾರ್ಕ್ ಕುರ್ಚಿ ತೆರವಾಗಿತ್ತು. ಕೈ ಊರಲು ಎರಡೂ ಕಡೆ ಕಟ್ಟಿಗೆಯ ತೋಳಿದ್ದ ಕುರ್ಚಿ ಕಚೇರಿಯಲ್ಲಿ ಅದೊಂದೇ. ಇಷ್ಟು ವರ್ಷ ತೋಳಿಲ್ಲದ ಕುರ್ಚಿಯಲ್ಲಿ ಬೆನ್ನು ಬಾಗಿಸಿ ಬರೆದ ಗುಮಾಸ್ತ ಹೊಳಬಸಪ್ಪನಿಗೆ ಕನಸಿನಲ್ಲೂ ಅದೇ ಬರುತ್ತಿತ್ತು. ಬಡ್ತಿ ಕೊಡುವ ಮೊದಲು ಮನುಷ್ಯನ ಮನೆ ನೋಡುವುದು ಸಾಹೇಬರ ಪದ್ಧತಿ.

ಪಕ್ಕದ ಮೇಜಿನ ಕೃಷ್ಣಾಜಿ ಬೆಳಗಾವಿಯವ. ಆ ಕುರ್ಚಿಯ ಮೇಲೆ ಅವನಿಗೂ ಆಸೆಯಿತ್ತು, ಆದರೆ ಕೆಟ್ಟವನಲ್ಲ. "ಬರೇ ಚಹಾ ಕೊಟ್ಟು ಕಳಿಸಿಗಿಳಿಸೀರಿ! ಸಂಜೀಕ ಅವರಿಗೆ ವ್ಹಿಸ್ಕಿ ಬೇಕ್ರಿ. ಅದೂ ಅದಕ್ಕ ತಕ್ಕ ಗ್ಲಾಸಿನ್ಯಾಗ. ತಪ್ಪು ಗ್ಲಾಸಿನ್ಯಾಗ ಕೊಟ್ಟಾನಂತ ಹೋದ ತಿಂಗಳ ತಮ್ಮ ಬಟ್ಲರನ್ನ ತಗದಹಾಕ್ಯಾರ."

"ತಕ್ಕ ಗ್ಲಾಸು ಅಂದ್ರ ಎಂಥಾದ್ರಿ?"

"ನನಗೇನ್ ಗೊತ್ತು? ವ್ಹಿಸ್ಕಿ ಹೆಸರು ಕೇಳಿದ್ರ ನನ್ನ ಕೈಕಾಲು ನಡಗ್ತಾವ."

ಹೊಳಬಸಪ್ಪ ಅರ್ಧ ದಿನದ ರಜೆ ಬರೆದುಕೊಟ್ಟು, ಸಾಹೇಬರುಗಳು ಸಾಮಾನು ಕೊಳ್ಳುವ ಕ್ಯಾಂಪ್ ಪೇಟೆಗೆ ಓಡಿದ. ಅಂಗಡಿಯ ಪಾರ್ಸಿ ಮುದುಕ ಕೊಕ್ಕರೆಯಂತೆ ಒಂಟಿಕಾಲಿನದು, ಉದ್ದನೆಯದು, ಕುಳ್ಳಗೆ ದಪ್ಪ ಬುಡದ್ದು ಎಂದು ಮೂರು ಗ್ಲಾಸು ತೆಗೆದಿಟ್ಟು, ಕುಡಿಯುವಾಗ ವಾಸನೆಯೂ ಹಿಡಿಯಬೇಕು, ನಿಮ್ಮ ಸಾಹೇಬರ ಮೂಗು ಎಷ್ಟುದ್ದ ಎಂದು ಮರಾಠಿಯಲ್ಲಿ ಕೇಳಿದ. ಹೊಳಬಸಪ್ಪ ತನ್ನ ಮೂಗನ್ನೇ ಮುಟ್ಟಿ ನೋಡಿಕೊಂಡ. ಪಾಪ, ಇಷ್ಟು ವರ್ಷದಲ್ಲಿ ಸಾಹೇಬರ ಬೂಟಿನಿಂದ ಮೇಲಕ್ಕೆ ಅವನು ಸರಿಯಾಗಿ ನೋಡಿದ್ದೇ ಇಲ್ಲ. ಕೊನೆಗೆ ಬಿದ್ದರೂ ಒಡೆಯಲಿಕ್ಕಿಲ್ಲವೆಂದು ದಪ್ಪ ಬುಡದ್ದನ್ನೇ ಆರಿಸಿಕೊಂಡ. ಗ್ಲಾಸು ಕೋಟಿನ ಕಿಸೆಗೆ ಹೋಯಿತು. ಅಲ್ಲೇ ಕೊಂಡ ವ್ಹಿಸ್ಕಿ ಸೀಸೆಯನ್ನು ಯಾರ ಕಣ್ಣಿಗೂ ಬೀಳದಂತೆ ಮಡಚಿದ ಛತ್ರಿಯೊಳಗೆ ಇಳಿಸಿದ. ಹೊರಗೆ ಬರುವಷ್ಟರಲ್ಲಿ ಮಳೆ ಹಿಡಿದಿತ್ತು. ಛತ್ರಿಯನ್ನು ಮಗುವಿನಂತೆ ಎದೆಗವಚಿಕೊಂಡು, ತೊಪ್ಪೆಯಾಗಿ, ಸೀನುತ್ತ ತಾನು ಬಾಡಿಗೆಗಿದ್ದ ವಾಡೆಗೆ ಬಂದ.

ಬಾಗಿಲಲ್ಲೇ ವಾಡೆಯ ಒಡತಿ ರಾಧಾಬಾಯಿ ನಿಂತಿದ್ದಳು. ತವರು ವಿಜಾಪುರ, ಬಾಡಿಗೆದಾರರ ಅಡಿಗೆಗೆ ಉಪ್ಪು ಎಷ್ಟೆಂದು ಅವರಿಗಿಂತ ಮೊದಲು ತಿಳಿದವಳು.

"ಅಲ್ರಿ ಹೊಳಬಸಪ್ಪ, ಛತ್ರಿ ಇದ್ದೂ ತೊಯಿಸಿಕೊಂಡು ಬಂದ್ರಲ್ಲ, ತಲಿ ಸುದ್ದ ಅದನ?" ಎನ್ನುತ್ತ ಛತ್ರಿ ಕಸಿದು ಬಿಚ್ಚೇಬಿಟ್ಟಳು. ಜಾರಿದ ಸೀಸೆಯನ್ನು ಹೊಳಬಸಪ್ಪ ಹೊಟ್ಟೆಯಿಂದ ತಡೆದ. ಸದ್ದಿಗೆ ಹೆಂಡತಿ ಶಿವಬಸವ್ವನೂ ಹೊರಗೆ ಬಂದಳು.

"ಏನ್ರೀ ಇದು?"

"ಔಷಧ," ಎಂದ ಹೊಳಬಸಪ್ಪ. ನಾಲಿಗೆಗೆ ಬೇರೇನೂ ಸಿಗಲಿಲ್ಲ. "ಸಾಹೇಬರಿಗೆ ಭಾಳ ನೆಗಡಿ. ಸಂಜೀಕ ಬಂದಾಗ ಈ ಗ್ಲಾಸಿನ್ಯಾಗ ಕೊಡಬೇಕು."

"ಅಯ್ಯ ಪಾಪ!" ಎಂದಳು ಶಿವಬಸವ್ವ. ಆಕೆಯದು ತಾಯಿಕರುಳು. ಸೀಸೆಯನ್ನೂ ಗ್ಲಾಸನ್ನೂ ಒಳಗೆ ಒಯ್ದಳು.

ಹೊಳಬಸಪ್ಪ ಜಮಖಾನೆ ಹಾಸಿ, ರಾಧಾಬಾಯಿಯ ಮನೆಯಿಂದ ಕುರ್ಚಿ ಬೇಡಿ ತಂದು, ಗ್ಲಾಸಿಗಾಗಿ ಒಳಗೆ ಹೋದ. ಗ್ಲಾಸು ದೇವರ ಜಗುಲಿಯ ಮೇಲಿತ್ತು. ಕೆಳಗೆ ನೀರು, ಮೇಲೆ ಎಣ್ಣೆ, ಅದರ ಮೇಲೆ ತೇಲುವ ಬತ್ತಿ ಶಾಂತವಾಗಿ ಉರಿಯುತ್ತಿತ್ತು.

"ಏನ್ ಮಾಡೀಯ ಮಾರಾಯ್ತಿ!"

"ಎಷ್ಟ ಚಂದ ಬೆಳಕ ಬೀಳ್ತದ ನೋಡ್ರಿ. ಔಷಧಕ್ಕ ಗಾಜಿನ ಗ್ಲಾಸ ಯಾಕ?"

"ತಗೀ ಅದನ್ನ!"

"ಶ್ರಾವಣ ಸೋಮವಾರ ಹಚ್ಚಿದ ದೀಪ ತಾನಾಗೇ ಶಾಂತ ಆಗಬೇಕು. ಕೈ ಹಚ್ಚಿದ್ರ ನೋಡ್ರಿ ಮತ್ತ."

ಅಷ್ಟರಲ್ಲಿ ಹೊರಗೆ ಟಾಂಗಾ ನಿಂತ ಸದ್ದಾಯಿತು. ಸಾಹೇಬರು ಬಂದು ಕುರ್ಚಿಯಲ್ಲಿ ಕೂತರು. ಧಾರವಾಡದಲ್ಲಿ ಆರು ವರ್ಷ ಇದ್ದವರು, ಕನ್ನಡ ಬರುತ್ತಿತ್ತು. ಆದರೆ ಎಲ್ಲರಿಗೂ ಏಕವಚನ. "ಮನೆ ಚೊಕ್ಕ ಅದ, ಹೊಳಬಸಪ್ಪ," ಎಂದು ಮಳೆಯ ಥಂಡಿಗೆ ಒಮ್ಮೆ ಸೀನಿದರು.

ಬಾಗಿಲ ಮರೆಯಲ್ಲಿದ್ದ ಶಿವಬಸವ್ವನಿಗೆ ತಡೆಯಲಾಗಲಿಲ್ಲ. ಸೆರಗು ಹೊದ್ದು ಹೊರಗೆ ಬಂದು ಸಾಹೇಬರ ಮುಂದೆ ಬಟ್ಟಲೊಂದನ್ನು ಇಟ್ಟಳು. ಹೊಳಬಸಪ್ಪ ಕಣ್ಣು ಮುಚ್ಚಿಕೊಂಡ. ಅದು ಹೊಳಬಸಪ್ಪನ ಮಗ ಕೂಸಾಗಿದ್ದಾಗ ಶಿವಬಸವ್ವನ ತವರಿನವರು ಕೊಟ್ಟ, ಎರಡೂ ಕಡೆ ಪುಟ್ಟ ಹಿಡಿಕೆಯಿದ್ದ ಬೆಳ್ಳಿಯ ಬಟ್ಟಲು. ಮನೆಯಲ್ಲಿ ಯಾರಿಗೇ ಔಷಧ ಕೊಡುವುದಿದ್ದರೂ ಅದರಲ್ಲೇ. ಕಹಿ ಹತ್ತಬಾರದೆಂದು ವ್ಹಿಸ್ಕಿಗೆ ಜೇನುತುಪ್ಪ, ಬಿಸಿನೀರು ಬೇರೆ ಕಲಸಿದ್ದಳು.

ಸಾಹೇಬರು ಮೂಸಿ ನೋಡಿದರು, ಕುಡಿದರು, ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಕಣ್ಣಲ್ಲಿ ನೀರು!

"ಹೊಳಬಸಪ್ಪ, ಸ್ಕಾಟ್ಲಂಡಿನಲ್ಲಿ ನನ್ನ ಅಜ್ಜ ಇಂಥದೇ ಎರಡು ಹಿಡಿಕೆಯ ಬಟ್ಟಲಿನಲ್ಲಿ ಕುಡೀತಿದ್ದ. ನೆಗಡಿಯಾದ್ರೆ ತಾಯಿ ಹೀಗೇ ಜೇನು ಹಾಕಿ ಕೊಡ್ತಿದ್ಲು. ಕ್ಲಬ್ಬಿನಲ್ಲಿ ಒಬ್ಬನಿಗೂ ಇದು ಗೊತ್ತಿಲ್ಲ!"

ಇನ್ನೂ ಎರಡು ಬಟ್ಟಲಾಯಿತು. ಹೊಳಬಸಪ್ಪನಿಗೆ ತನ್ನ ಮೊಣಕೈಗಳು ಆಗಲೇ ಆ ಕುರ್ಚಿಯ ತೋಳಿನ ಮೇಲೆ ಒರಗಿದಂತೆ ಅನಿಸಿತು.

ಟಾಂಗಾದವರೆಗೆ ಮಳೆಯಲ್ಲೇ ಸಾಹೇಬರಿಗೆ ಛತ್ರಿ ಹಿಡಿದ. ಅವರು ಅವನ ಹೆಗಲ ಮೇಲೆ ಕೈಯಿಟ್ಟರು.

"ಕುರ್ಚಿ ನಿನಗೇ ಅಂತ ಬಂದಿದ್ದೆ. ಆದರೆ ಹೆಡ್ ಕ್ಲಾರ್ಕ್ ಕೈಯಲ್ಲಿ ಕಚೇರಿಯ ಕೀಲಿಕೈ ಇರ್ತದೆ. ಇಷ್ಟು ಚೆನ್ನಾಗಿ ಕುಡಿಯೋದು ತಿಳಿದ ಮನುಷ್ಯನ ಕೈಗೆ ಅದನ್ನ ಕೊಡಬಾರದು. ನನ್ನ ಅಜ್ಜನ ಕೈಗೂ ಯಾರೂ ಕೀಲಿ ಕೊಡ್ತಿರಲಿಲ್ಲ. ಕೃಷ್ಣಾಜಿ ಇರಲಿ. ವ್ಹಿಸ್ಕಿ ಅಂದ್ರೆ ನಡುಗ್ತಾನೆ."

"ಸಾಹೇಬ್ರ, ನಾ ಒಂದ ಹನಿನೂ ಮುಟ್ಟಿಲ್ರಿ!"

"ಅಜ್ಜನೂ ಹಾಗೇ ಅಂತಿದ್ದ," ಎಂದು ಸಾಹೇಬರು ನಕ್ಕರು. "ಬರೋ ಸೋಮವಾರ ಮತ್ತೆ ಬರ್ತೇನೆ."

ಹೊಳಬಸಪ್ಪ ಸೀನುತ್ತ, ಕಾಲೆಳೆಯುತ್ತ ಒಳಗೆ ಬಂದ. ಜಗುಲಿಯ ಮೇಲೆ ಗ್ಲಾಸು ಇನ್ನೂ ಉರಿಯುತ್ತಿತ್ತು. ಗಂಡನ ಮುಖ ನೋಡಿ ಶಿವಬಸವ್ವ ಅದೇ ಬೆಳ್ಳಿಯ ಬಟ್ಟಲು ತುಂಬಿ ತಂದಳು.

"ಅಯ್ಯ, ನಿಮಗೂ ನೆಗಡಿ ಹತ್ತೇದ. ಸಾಹೇಬರು ಎಷ್ಟ ಆರಾಮಾಗಿ ಎದ್ದ ಹೋದ್ರು ನೋಡ್ರಿ. ಕುಡೀರಿ, ಬಿಸಿ ಅದ."

ಹೊಳಬಸಪ್ಪ ನೆಲದ ಮೇಲೆ ಕೂತು ಬಟ್ಟಲು ತೆಗೆದುಕೊಂಡ. ಅದಕ್ಕಾದರೂ ಎರಡೂ ಕಡೆ ಹಿಡಿದುಕೊಳ್ಳಲು ಹಿಡಿಕೆ ಇತ್ತು.